500 ವ್ಯಾಟ್ ಅಂತ ಬರೆದಿದೆ, ನಿಜಕ್ಕೂ ಎಷ್ಟು?

ಭಾವ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಕೊಂಡರು. ಅವರ ಹಳೆಯ ಆರ್‌ಟಿಎಕ್ಸ್ 3060, ಅಂದರೆ 12 ಜಿಬಿ ಮೆಮೊರಿಯದು, ನನ್ನ ಪಾಲಿಗೆ ಬಂತು. "ಸ್ಲಾಟ್‌ಗೆ ಸಿಕ್ಕಿಸು, ಡ್ರೈವರ್ ಹಾಕು, ಮುಗೀತು" ಅಂದರು.

ನನ್ನ ಕಂಪ್ಯೂಟರ್‌ನಲ್ಲಿ ಅಲ್ಲಿವರೆಗೆ ಇದ್ದದ್ದು ಜಿಟಿಎಕ್ಸ್ 1050 ಟಿಐ. ಅದು 75 ವ್ಯಾಟ್‌ನ ಕಾರ್ಡ್. ಅದಕ್ಕೆ ಬೇರೆ ವೈರ್ ಬೇಕಿರಲಿಲ್ಲ, ಮದರ್‌ಬೋರ್ಡ್ ಸ್ಲಾಟ್‌ನಿಂದಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿತ್ತು. 3060 ಹಾಗಲ್ಲ. 170 ವ್ಯಾಟ್ ಬೇಡುತ್ತದೆ, ತಲೆ ಮೇಲೆ ಒಂದು 8 ಪಿನ್ ಕನೆಕ್ಟರ್ ಕೂಡ ಇದೆ. ನನ್ನ ಎಸ್‌ಎಂಪಿಎಸ್‌ಗೆ, ಅಂದರೆ ಕಂಪ್ಯೂಟರ್ ಒಳಗೆ ಎಲ್ಲಕ್ಕೂ ವಿದ್ಯುತ್ ಹಂಚುವ ಪವರ್ ಸಪ್ಲೈ ಡಬ್ಬಿಗೆ, ಏಳು ವರ್ಷ ವಯಸ್ಸು. ಹಾಸಿಗೆ ಎಷ್ಟು ಉದ್ದ ಇದೆ ಅಂತ ನೋಡದೆ ಕಾಲು ಚಾಚೋದು ಬೇಡ ಅನ್ನಿಸಿತು. ಕಾರ್ಡನ್ನು ಡಬ್ಬಿಯಲ್ಲೇ ಬಿಟ್ಟು ಮೊದಲು ಲೇಬಲ್ ಓದಲು ಕೂತೆ.

ಉಳಿದ ಭಾಗಗಳು ಸಾಧಾರಣ. ರೈಜೆನ್ 5 3600 ಪ್ರೊಸೆಸರ್, ಬಿ450 ಬೋರ್ಡ್, ಎರಡು ರ‍್ಯಾಮ್, ಒಂದು ಎನ್‌ವಿಎಂಇ ಎಸ್‌ಎಸ್‌ಡಿ, ಒಂದು ಹಳೆ ಹಾರ್ಡ್ ಡಿಸ್ಕ್, ಮೂರು ಫ್ಯಾನ್.

ಎಸ್‌ಎಂಪಿಎಸ್‌ನ ಲೇಬಲ್ ಗೋಡೆ ಕಡೆಗಿತ್ತು. ನಾಲ್ಕು ಸ್ಕ್ರೂ ಬಿಚ್ಚಿ ಹೊರಗೆಳೆದೆ. ದೊಡ್ಡ ಅಕ್ಷರದಲ್ಲಿ 500 ವ್ಯಾಟ್ ಅಂತ ಇತ್ತು. ಕೆಳಗೆ ಸಣ್ಣ ಅಕ್ಷರದ ಪಟ್ಟಿ. ನಿಜವಾದ ಕಥೆ ಇರೋದು ಆ ಪಟ್ಟಿಯಲ್ಲೇ. 3.3 ವೋಲ್ಟ್‌ಗೆ 22 ಆಂಪ್, 5 ವೋಲ್ಟ್‌ಗೆ 20 ಆಂಪ್, ಎರಡೂ ಸೇರಿ 120 ವ್ಯಾಟ್ ಮೀರಬಾರದು. ಮೊದಲನೇ 12 ವೋಲ್ಟ್ ಸಾಲಿಗೆ 17 ಆಂಪ್, ಎರಡನೇ ಸಾಲಿಗೆ 16 ಆಂಪ್. ಎರಡೂ ಸೇರಿ ಗರಿಷ್ಠ 360 ವ್ಯಾಟ್.

ಇಲ್ಲಿ ತುಂಬಾ ಜನ ಎಡವುತ್ತಾರೆ, ಮೊದಲ ಸಲ ನಾನೂ ಎಡವಿದೆ. 17 ಮತ್ತು 16 ಕೂಡಿಸಿದರೆ 33 ಆಂಪ್, 12ರಿಂದ ಗುಣಿಸಿದರೆ 396 ವ್ಯಾಟ್ ಅಂತ ಬರುತ್ತದೆ. ಆದರೆ ಹಾಗೆ ಕೂಡಿಸೋಕೆ ಬರಲ್ಲ. ಎರಡೂ ಸಾಲು ಒಂದೇ ಮೂಲದಿಂದ ಬರುತ್ತವೆ, ಆ ಮೂಲದ ಮಿತಿ 360 ವ್ಯಾಟ್. ಅಂದರೆ ಒಟ್ಟು 30 ಆಂಪ್. ಇವತ್ತಿನ ಕಂಪ್ಯೂಟರ್‌ನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ 12 ವೋಲ್ಟ್‌ನಿಂದಲೇ ಕುಡಿಯುತ್ತವೆ. 5 ಮತ್ತು 3.3 ವೋಲ್ಟ್‌ಗೆ ಇಟ್ಟಿರುವ 120 ವ್ಯಾಟ್ ಹೆಚ್ಚೂಕಡಿಮೆ ಸುಮ್ನೆ ಕೂತಿರುತ್ತದೆ. ಹಾಗಾಗಿ ನನ್ನ ಲೆಕ್ಕದಲ್ಲಿ ಇದು 500 ವ್ಯಾಟ್‌ನ ಡಬ್ಬಿಯಲ್ಲ, 360ರದ್ದು.

ಈಗ ಖರ್ಚಿನ ಕಡೆ. ರೈಜೆನ್ 5 3600ಕ್ಕೆ 65 ವ್ಯಾಟ್ ಅಂತ ಬರೆದಿರುತ್ತಾರೆ. ಅದನ್ನು ನಂಬಿ ಕೂರಬೇಡಿ. ಸಾಕೆಟ್‌ಗೆ ಹೋಗುವ ಮಿತಿ 88 ವ್ಯಾಟ್. ಬೋರ್ಡ್‌ನ ವೋಲ್ಟೇಜ್ ಇಳಿಸುವ ಸರ್ಕ್ಯೂಟ್ ಒಂದಿಷ್ಟು ಬಿಸಿಯಾಗಿ ಕಳೆಯುತ್ತದೆ. ಎಲ್ಲ ಸೇರಿ 100 ಅಂತ ಹಿಡಿದೆ. ಕಾರ್ಡಿಗೆ 170. ಬೋರ್ಡ್, ರ‍್ಯಾಮ್, ಡಿಸ್ಕ್, ಫ್ಯಾನ್‌ಗೆ 40. ಒಟ್ಟು 310 ವ್ಯಾಟ್. ಅದರಲ್ಲಿ 12 ವೋಲ್ಟ್ ಮೇಲೆ ಬೀಳೋದು ಸುಮಾರು 285, ಅಂದರೆ 24 ಆಂಪ್. 30ರಲ್ಲಿ 24. ದೊಡ್ಡ ಅಕ್ಷರದ 500 ನೋಡಿದರೆ 62 ಪ್ರತಿಶತ ಲೋಡ್ ಅಷ್ಟೇ, ಆರಾಮ ಅನ್ನಿಸುತ್ತದೆ. ಸಣ್ಣ ಅಕ್ಷರ ನೋಡಿದರೆ 80 ಪ್ರತಿಶತ.

ಇನ್ನೂ ಒಂದು ಹೆಜ್ಜೆ ಒಳಗೆ ಹೋದೆ. ಇಂಥ ಹಳೆ ವಿನ್ಯಾಸದಲ್ಲಿ ಎರಡನೇ 12 ವೋಲ್ಟ್ ಸಾಲು ಪ್ರೊಸೆಸರ್‌ನ ಕನೆಕ್ಟರ್‌ಗೆ ಮೀಸಲು. ಕಾರ್ಡ್, ಫ್ಯಾನ್, ಡಿಸ್ಕ್ ಎಲ್ಲ ಮೊದಲನೇ ಸಾಲಿಗೆ ನೇತು ಬೀಳುತ್ತವೆ. ಅಲ್ಲಿ 170 ಮತ್ತು ಇತರೆ 15 ಸೇರಿ 185 ವ್ಯಾಟ್, ಅಂದರೆ 15.4 ಆಂಪ್. ಮಿತಿ 17. ಎರಡನೇ ಸಾಲಿನಲ್ಲಿ ಅರ್ಧ ಖಾಲಿ, ಮೊದಲನೇ ಸಾಲಿನಲ್ಲಿ ಕಾಲಿಡೋಕೆ ಜಾಗ ಇಲ್ಲ! ಎಷ್ಟೋ ಎಸ್‌ಎಂಪಿಎಸ್‌ಗಳಲ್ಲಿ ಈ ವಿಭಜನೆ ಲೇಬಲ್ ಮೇಲೆ ಮಾತ್ರ ಇರುತ್ತದೆ, ಒಳಗೆ ಎಲ್ಲ ಒಂದೇ. ಆದರೆ ಹೊರಗಿಂದ ನೋಡಿ ಅದನ್ನು ಹೇಳೋಕೆ ಆಗಲ್ಲ. ಈ 17ರ ಅಂಕಿಗೆ ಪೆನ್ನಿನಲ್ಲಿ ಸುತ್ತು ಹಾಕಿ ಇಟ್ಟೆ.

ಎನ್‌ವಿಡಿಯಾ ಈ ಕಾರ್ಡಿಗೆ ಹೇಳೋದು 550 ವ್ಯಾಟ್‌ನ ಸಪ್ಲೈ. 310ಕ್ಕೆ 550 ಯಾಕೆ ಅಂತ ಕೇಳಬಹುದು. ನಿಮ್ಮ ಹತ್ತಿರ ಯಾವ ಪ್ರೊಸೆಸರ್ ಇದೆ, ಎಂಥ ಎಸ್‌ಎಂಪಿಎಸ್ ಇದೆ ಅಂತ ಅವರಿಗೆ ಗೊತ್ತಿರಲ್ಲ ಅಲ್ವಾ? ನನ್ನಂಥವನ ಡಬ್ಬಿಯನ್ನೂ ಮನಸ್ಸಲ್ಲಿಟ್ಟುಕೊಂಡೇ ಆ ಅಂಕಿ ಬರೆದಿರುತ್ತಾರೆ.

ವೈರ್‌ಗಳನ್ನು ಬೇಗ ನೋಡಿ ಮುಗಿಸಿದೆ. ಒಂದೇ ಒಂದು 6+2 ಪಿನ್ ವೈರ್, ಅಂದರೆ ಎರಡೂ ತುಂಡು ಜೋಡಿಸಿದರೆ 8 ಪಿನ್ ಆಗುವಂಥದ್ದು, ಇತ್ತು. 8 ಪಿನ್‌ನಿಂದ 150 ವ್ಯಾಟ್, ಸ್ಲಾಟ್‌ನಿಂದ 75, ಒಟ್ಟು 225ರವರೆಗೆ ದಾರಿ ಇದೆ. 170ಕ್ಕೆ ಧಾರಾಳ. ಈ ವೈರ್ ಇಲ್ಲದೆ ಹೋಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಡಿಸ್ಕ್‌ಗೆ ಹಾಕುವ ಸಾಟಾ ಕನೆಕ್ಟರ್‌ನಿಂದ 6 ಪಿನ್‌ಗೆ ಬದಲಾಯಿಸುವ ಅಡಾಪ್ಟರ್ ಸಿಗುತ್ತದೆ, ಅದನ್ನು ಮಾತ್ರ ಮುಟ್ಟಬೇಡಿ. ಸಾಟಾ ಪವರ್ ಕನೆಕ್ಟರ್ 12 ವೋಲ್ಟ್‌ನಲ್ಲಿ ಹೊರೋದು 4.5 ಆಂಪ್, ಅಂದರೆ 54 ವ್ಯಾಟ್. 6 ಪಿನ್ ಕೇಳೋದು 75. ಪ್ಲಾಸ್ಟಿಕ್ ಕರಗೋದಕ್ಕೆ ಬೇರೆ ಕಾರಣ ಬೇಕಿಲ್ಲ.

ಹೊರಗೆ ತೆಗೆದಿದ್ದೆ, ಹೇಗೂ ಧೂಳು ಊದಿದೆ. ಜಾಲರಿ ಮೂಲಕ ಟಾರ್ಚ್ ಬಿಟ್ಟು ಕೆಪಾಸಿಟರ್‌ಗಳ ನೆತ್ತಿ ನೋಡಿದೆ. ಕಂಡಷ್ಟು ಮಟ್ಟಿಗೆ ಚಪ್ಪಟೆಯಾಗಿದ್ದವು, ಉಬ್ಬಿರಲಿಲ್ಲ. ಡಬ್ಬಿ ಬಿಚ್ಚಿ ನೋಡುವ ಆಸೆ ಆದರೆ ತಡೆದುಕೊಳ್ಳಿ. ಒಳಗಿನ ದೊಡ್ಡ ಕೆಪಾಸಿಟರ್ 300 ವೋಲ್ಟ್‌ಗೂ ಜಾಸ್ತಿ ಹಿಡಿದಿಟ್ಟುಕೊಂಡಿರುತ್ತದೆ, ಪ್ಲಗ್ ಕಿತ್ತ ಮೇಲೂ. ಹಸಿರು ವೈರ್‌ನಿಂದ ಕಪ್ಪಿಗೆ ಪೇಪರ್ ಕ್ಲಿಪ್ ಹಾಕಿ ಆನ್ ಮಾಡುವ ಪರೀಕ್ಷೆಯನ್ನೂ ಮಾಡಲಿಲ್ಲ. ಫ್ಯಾನ್ ತಿರುಗಿತು ಅಂತ ಮಾತ್ರ ಅದರಿಂದ ಗೊತ್ತಾಗೋದು. ನನ್ನದು ಆನ್ ಆಗುತ್ತೆ ಅಂತ ಏಳು ವರ್ಷದಿಂದ ಗೊತ್ತು.

ಕಾಗದದ ಲೆಕ್ಕ ಮುಗೀತು. ಇನ್ನು ಅಳತೆ.

ಮೊದಲು ಹಳೆ ಕಾರ್ಡಿನಲ್ಲೇ ಅಳೆದೆ. ಹೊಸದು ಹಾಕಿ ಅಳೆದರೆ ಹೋಲಿಸೋಕೆ ಏನೂ ಇರಲ್ಲ. ಯುಪಿಎಸ್ ಮತ್ತು ಕಂಪ್ಯೂಟರ್ ನಡುವೆ ಪ್ಲಗ್‌ಗೆ ಹಾಕುವ ವ್ಯಾಟ್ ಮೀಟರ್ ಇಟ್ಟೆ. ಸುಮ್ನಿದ್ದಾಗ 61 ವ್ಯಾಟ್. ಆಟದಲ್ಲಿ 165ರ ಆಸುಪಾಸು. ಓಸಿಸಿಟಿ ಅನ್ನೋ ಪರೀಕ್ಷೆಯ ಸಾಫ್ಟ್‌ವೇರ್‌ನಲ್ಲಿ ಪ್ರೊಸೆಸರ್ ಮತ್ತು ಕಾರ್ಡ್ ಎರಡನ್ನೂ ಒಟ್ಟಿಗೆ ಬಗ್ಗಿಸುವ ಪವರ್ ಪರೀಕ್ಷೆ ಇದೆ, ಅದರಲ್ಲಿ 246. ಈ ಮೀಟರ್ ತೋರಿಸೋದು ಗೋಡೆಯಿಂದ ಎಳೆಯುವ ಲೆಕ್ಕ. ಲೇಬಲ್‌ನಲ್ಲಿರೋದು ಒಳಗೆ ಕೊಡುವ ಲೆಕ್ಕ. ನಡುವೆ ಬಿಸಿಯಾಗಿ ಹೋಗೋದನ್ನು ಕಳೆಯಬೇಕು. ನನ್ನ ಡಬ್ಬಿಗೆ 80 ಪ್ಲಸ್ ಅನ್ನೋ ದಕ್ಷತೆಯ ಗುರುತೂ ಇಲ್ಲ, ಹಾಗಾಗಿ 80 ಪ್ರತಿಶತ ಅಂತ ಹಿಡಿದೆ. 246ರಲ್ಲಿ 80 ಪ್ರತಿಶತ ಅಂದರೆ 197. ಹೊಸ ಕಾರ್ಡ್ ಇದಕ್ಕೆ 95 ಸೇರಿಸುತ್ತದೆ, 292 ಆಗುತ್ತದೆ. ಮೀಟರ್‌ನಲ್ಲಿ 365 ಬರಬೇಕು. ಈ ಅಂಕಿಯನ್ನೂ ಬರೆದಿಟ್ಟೆ.

ವೋಲ್ಟೇಜ್ ನೋಡೋಕೆ ಖಾಲಿ ಬಿದ್ದಿದ್ದ ಮೊಲೆಕ್ಸ್ ಕನೆಕ್ಟರ್ ಅನುಕೂಲ. ಹಳದಿ 12, ಕೆಂಪು 5, ನಡುವಿನ ಎರಡು ಕಪ್ಪು. ಮಲ್ಟಿಮೀಟರ್‌ನ ಕಡ್ಡಿ ಜಾರಿ ಹಳದಿಯಿಂದ ಕಪ್ಪಿಗೆ ತಾಗಿದರೆ ಶಾರ್ಟ್, ಅದಕ್ಕೆ ತುದಿ ಬಿಟ್ಟು ಉಳಿದ ಲೋಹಕ್ಕೆಲ್ಲ ಟೇಪ್ ಸುತ್ತಿದೆ. ಈ ಬುದ್ಧಿ ಹಿಂದೊಮ್ಮೆ ಕಿಡಿ ಹಾರಿಸಿದ ಮೇಲೆ ಬಂದದ್ದು. ಸುಮ್ನಿದ್ದಾಗ 12.08, ಪೂರ್ತಿ ಲೋಡ್‌ನಲ್ಲಿ 11.86. ಮಿತಿ ಐದು ಪ್ರತಿಶತ ಆಚೆ ಈಚೆ, ಅಂದರೆ 11.4ರಿಂದ 12.6. ಮದರ್‌ಬೋರ್ಡ್ ಸೆನ್ಸರ್ ಅದೇ ಹೊತ್ತಿಗೆ 12.3 ಅಂತ ತೋರಿಸುತ್ತಿತ್ತು. ಸಾಫ್ಟ್‌ವೇರ್‌ನಲ್ಲಿ ಕಾಣುವ ವೋಲ್ಟೇಜನ್ನು ನಾನು ಏರಿಳಿತ ನೋಡೋಕೆ ಮಾತ್ರ ಬಳಸುತ್ತೇನೆ, ಅಂಕಿಗೆ ಅಲ್ಲ.

ಸರಿ, 3060 ಹಾಕಿದೆ. ಕ್ಯಾಬಿನೆಟ್‌ನಲ್ಲಿ ಉದ್ದ ಸಾಕಾಯಿತು, ಡ್ರೈವರ್ ಕೂತಿತು, ಪರದೆ ಬಂತು. ಭಾವ ಹೇಳಿದ ಹಾಗೆ "ಮುಗೀತು" ಅನ್ನಿಸುವಷ್ಟು ಸಲೀಸು. ಓಸಿಸಿಟಿ ಶುರು ಮಾಡಿದೆ. ಮೀಟರ್ 300 ದಾಟಿತು, 350, 372. ಯುಪಿಎಸ್ ಕೂಗೋಕೆ ಶುರು ಮಾಡಿತು. ನಾನು ಕುರ್ಚಿಯಿಂದ ಏಳುವಷ್ಟರಲ್ಲಿ ಎಲ್ಲ ಕತ್ತಲೆ.

ಎಸ್‌ಎಂಪಿಎಸ್ ಸೋತಿತು ಅಂದುಕೊಂಡೆ. ಆಮೇಲೆ ಗಮನಿಸಿದರೆ ಮಾನಿಟರ್‌ನ ದೀಪವೂ ಆರಿದೆ. ಮಾನಿಟರ್‌ಗೂ ಎಸ್‌ಎಂಪಿಎಸ್‌ಗೂ ಸಂಬಂಧವೇ ಇಲ್ಲ, ಎರಡಕ್ಕೂ ಸಾಮಾನ್ಯವಾಗಿರೋದು ಯುಪಿಎಸ್ ಒಂದೇ. ಅದನ್ನು ತಿರುಗಿಸಿ ನೋಡಿದೆ. ಮುಂದೆ ದಪ್ಪಗೆ 600 ವಿಎ ಅಂತ ಇತ್ತು. ಹಿಂದೆ ಸಣ್ಣಗೆ 360 ವ್ಯಾಟ್. ಅದೇ ದೊಡ್ಡ ಅಕ್ಷರ, ಸಣ್ಣ ಅಕ್ಷರದ ಆಟ! ಕಂಪ್ಯೂಟರ್ 372, ಮಾನಿಟರ್ 24, ಒಟ್ಟು 396. ಪಾಪ, ಅದು ಕೂಗಿದ್ದರಲ್ಲಿ ತಪ್ಪಿಲ್ಲ. ಎರಡು ದಿನ ಎಸ್‌ಎಂಪಿಎಸ್ ಲೆಕ್ಕ ಹಾಕಿದವನು ಅದರ ಹಿಂದಿರುವ ಡಬ್ಬಿಯನ್ನೇ ಮರೆತಿದ್ದೆ.

ಪರೀಕ್ಷೆ ಮುಗಿಯೋವರೆಗೆ ಕಂಪ್ಯೂಟರ್‌ನ ಪ್ಲಗ್ ನೇರ ಗೋಡೆಗೆ. ಮತ್ತೆ ಓಸಿಸಿಟಿ. ಈ ಸಲ ಅರ್ಧ ಗಂಟೆ ಓಡಿತು. 372 ವ್ಯಾಟ್, ನನ್ನ ಅಂದಾಜಿಗಿಂತ 7 ಜಾಸ್ತಿ. 12 ವೋಲ್ಟ್ ಸಾಲು 11.57ಕ್ಕೆ ಇಳಿಯಿತು. ಮಿತಿಯ ಒಳಗೇ ಇದೆ, ಆದರೆ ಖುಷಿ ಪಡುವಂಥದ್ದೇನಲ್ಲ. 5 ವೋಲ್ಟ್ ಸಾಲನ್ನೂ ಅಳೆದೆ. ಅದು 5.19. ಏರಿದೆ!

ಲೋಡ್ ಜಾಸ್ತಿ ಆದಾಗ ವೋಲ್ಟೇಜ್ ಇಳಿಯಬೇಕು, ಇದು ಯಾಕೆ ಏರಿತು? ಹಳೆ, ಅಗ್ಗದ ವಿನ್ಯಾಸದಲ್ಲಿ 12 ಮತ್ತು 5 ವೋಲ್ಟ್ ಎರಡನ್ನೂ ಒಂದೇ ಲಗಾಮಿನಿಂದ ಹಿಡಿದಿರುತ್ತಾರೆ. ಒಂದು ಜಗ್ಗಿದಾಗ ನಿಯಂತ್ರಣ ಸರ್ಕ್ಯೂಟ್ ಎರಡರ ಸರಾಸರಿಯನ್ನು ಸರಿ ಮಾಡಲು ಹೋಗುತ್ತದೆ. 12ರ ಮೇಲೆ ಭಾರ, 5 ಖಾಲಿ. 12 ಇಳಿಯುತ್ತದೆ, 5 ಮೇಲೇಳುತ್ತದೆ. ಪ್ರೊಸೆಸರ್‌ಗಳು 5 ವೋಲ್ಟ್‌ನಿಂದ ಕುಡಿಯುತ್ತಿದ್ದ ಕಾಲಕ್ಕೆ ಅದು ಸರಿ ಇತ್ತು. ಈಗಿನ ಕಂಪ್ಯೂಟರ್‌ಗೆ ಈ ಜೋಡೆತ್ತು ಹೊಂದಲ್ಲ. 5ರ ಮಿತಿ 5.25. ಎರಡೂ ಕಡೆ ಗೋಡೆ ಹತ್ತಿರ ಬಂದಿತ್ತು.

ಆದರೂ ಅರ್ಧ ಗಂಟೆ ನಿಂತಿತಲ್ಲ, ಪಾಸ್ ಅಂದುಕೊಂಡು ಆಟ ಹಾಕಿದೆ. ಹತ್ತು ನಿಮಿಷ ಚೆನ್ನಾಗಿ ನಡೆಯಿತು. ಒಂದು ಹಂತ ಮುಗಿದು ಮುಂದಿನದು ಲೋಡ್ ಆಗಿ ಚಿತ್ರ ಮೂಡುವ ಹೊತ್ತಿಗೆ ಟಪ್ ಅಂತ ಆಫ್. ಈ ಸಲ ಮಾನಿಟರ್ ದೀಪ ಉರಿಯುತ್ತಲೇ ಇತ್ತು, ಸಿಗ್ನಲ್ ಇಲ್ಲ ಅಂತ ತೋರಿಸಿತು. ಅಂದರೆ ಇದು ಎಸ್‌ಎಂಪಿಎಸ್‌ನದೇ ಕೆಲಸ. ಮತ್ತೆ ಆನ್ ಮಾಡಿ ವಿಂಡೋಸ್‌ನ ಈವೆಂಟ್ ವ್ಯೂವರ್ ನೋಡಿದೆ. ಕರ್ನಲ್ ಪವರ್, 41. ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಯಿತು ಅಂತ ಮಾತ್ರ ಅದರ ಅರ್ಥ. ಕಾರಣ ಹೇಳಲ್ಲ. ಆದರೆ ನೀಲಿ ಪರದೆ ಇಲ್ಲ, ಹ್ಯಾಂಗ್ ಇಲ್ಲ, ಕಾರ್ಡಿನ ಬಿಸಿ 70 ಡಿಗ್ರಿ ಕೂಡ ದಾಟಿರಲಿಲ್ಲ.

372 ವ್ಯಾಟ್‌ನಲ್ಲಿ ಅರ್ಧ ಗಂಟೆ ನಿಂತದ್ದು, 290 ವ್ಯಾಟ್‌ನ ಆಟದಲ್ಲಿ ಬಿತ್ತು. ವಿಚಿತ್ರ ಅನ್ನಿಸಬಹುದು. ಒಂದೇ ವೇಗದಲ್ಲಿ ಭಾರ ಎಳೆಯೋದು ಬೇರೆ, ನಿಂತಲ್ಲಿಂದ ಜರ್ ಅಂತ ಜಗ್ಗೋದು ಬೇರೆ. ಗ್ರಾಫಿಕ್ಸ್ ಕಾರ್ಡ್ ಖಾಲಿಯಿಂದ ಪೂರ್ತಿ ಲೋಡ್‌ಗೆ ಹಾರುವಾಗ ಮಿಲಿಸೆಕೆಂಡ್‌ಗಳ ಲೆಕ್ಕದಲ್ಲಿ ತನ್ನ ಮಿತಿಗಿಂತ ಎಷ್ಟೋ ಜಾಸ್ತಿ ಎಳೆಯುತ್ತದೆ. ಗೋಡೆಯ ಮೀಟರ್ ಸೆಕೆಂಡಿಗೊಮ್ಮೆ ಸರಾಸರಿ ತೋರಿಸುವಂಥದ್ದು, ಅದಕ್ಕೆ ಈ ನೆಗೆತ ಕಾಣಲ್ಲ. ಎಸ್‌ಎಂಪಿಎಸ್ ಒಳಗಿನ ಕಾವಲು ಸರ್ಕ್ಯೂಟ್‌ಗೆ ಕಾಣುತ್ತದೆ. 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮದಲ್ಲಿ ಇದಕ್ಕಾಗಿಯೇ ಒಂದು ಷರತ್ತು ಸೇರಿಸಿದರು. ಹೊಸ 12 ವೋಲ್ಟ್ ಕನೆಕ್ಟರ್ ಇರುವ ದೊಡ್ಡ ಸಪ್ಲೈಗಳು ತಮ್ಮ ಶಕ್ತಿಯ ಎರಡರಷ್ಟನ್ನು 100 ಮೈಕ್ರೊಸೆಕೆಂಡ್ ತಡೆದುಕೊಳ್ಳಬೇಕು. ನನ್ನದು ಅದಕ್ಕಿಂತ ಎಷ್ಟೋ ಹಿಂದಿನ ಕಾಲದ್ದು. ಸುತ್ತು ಹಾಕಿಟ್ಟ 17 ಆಂಪ್ ನೆನಪಾಯಿತು. ಕಟ್ ಆಗುವ ಅಂಕಿಯನ್ನು ಲೇಬಲ್‌ಗಿಂತ ಸ್ವಲ್ಪ ಮೇಲೆ ಇಟ್ಟಿರುತ್ತಾರೆ, ಆದರೂ 15.4ರಲ್ಲಿ ಓಡುವ ಸಾಲಿಗೆ ಎಷ್ಟು ನೆಗೆತ ಸಾಕು ಹೇಳಿ.

ಅನುಮಾನ ಅನುಮಾನವೇ. ಖಾತ್ರಿ ಮಾಡಿಕೊಳ್ಳಲು ಎನ್‌ವಿಡಿಯಾ ಎಸ್‌ಎಂಐ ಕಮಾಂಡ್‌ನಲ್ಲಿ ಕಾರ್ಡಿನ ಮಿತಿಯನ್ನು 170ರಿಂದ 125 ವ್ಯಾಟ್‌ಗೆ ಇಳಿಸಿದೆ. ಇದಕ್ಕೆ ಅಡ್ಮಿನ್ ಆಗಿ ಓಡಿಸಬೇಕು, ರೀಸ್ಟಾರ್ಟ್ ಮಾಡಿದರೆ ಮಿತಿ ಹಳೆಯದಕ್ಕೆ ವಾಪಸ್ ಹೋಗುತ್ತದೆ. ಎರಡು ಸಂಜೆ ಅದೇ ಆಟ, ಅದೇ ಹಂತ. ಒಮ್ಮೆಯೂ ಬೀಳಲಿಲ್ಲ. ಮೂರನೇ ದಿನ ಮಿತಿ 170ಕ್ಕೆ ವಾಪಸ್ ಇಟ್ಟೆ. ಕಾಲು ಗಂಟೆಯಲ್ಲಿ ಟಪ್. ಅಲ್ಲಿಗೆ ಕಾರ್ಡ್ ಸರಿ ಇದೆ, ಎಸ್‌ಎಂಪಿಎಸ್ ಸಾಲದು ಅಂತ ತೀರ್ಮಾನ ಆಯಿತು.

125ರಲ್ಲೇ ಇಟ್ಟುಕೊಂಡು ಓಡಿಸಬಹುದಿತ್ತು. ವೇಗ ಕಡಿಮೆಯಾದದ್ದು ಕಣ್ಣಿಗೆ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಆದರೆ ಆ 5.19 ಮತ್ತು 11.57 ನನ್ನನ್ನು ಬಿಡಲಿಲ್ಲ. 5 ವೋಲ್ಟ್ ಮೇಲೆ ನನ್ನ ಹಾರ್ಡ್ ಡಿಸ್ಕ್ ಇದೆ, ಅದರಲ್ಲಿ ಹತ್ತು ವರ್ಷದ ಫೋಟೊಗಳಿವೆ. ಹೊಸ ಎಸ್‌ಎಂಪಿಎಸ್ ತಂದೆ.

ತಂದದ್ದು 650 ವ್ಯಾಟ್, 80 ಪ್ಲಸ್ ಗೋಲ್ಡ್. ಆರಿಸುವಾಗ ನೋಡಿದ್ದು ಗೋಲ್ಡ್ ಅನ್ನಲ್ಲ. ಅದು ಎಷ್ಟು ವಿದ್ಯುತ್ ಬಿಸಿಯಾಗಿ ಪೋಲಾಗುತ್ತದೆ ಅಂತ ಹೇಳುವ ಗುರುತು, ವೋಲ್ಟೇಜ್ ಎಷ್ಟು ಗಟ್ಟಿ ಅಂತ ಹೇಳಲ್ಲ. ನಾನು ನೋಡಿದ್ದು ಸಣ್ಣ ಅಕ್ಷರದ ಪಟ್ಟಿ. 12 ವೋಲ್ಟ್ ಒಂದೇ ಸಾಲು, 54 ಆಂಪ್, 648 ವ್ಯಾಟ್. ಅಂದರೆ ಮುಂದೆ ಬರೆದ 650 ಹೆಚ್ಚೂಕಡಿಮೆ ಪೂರ್ತಿ 12ರಲ್ಲೇ ಸಿಗುತ್ತದೆ. ಒಳಗೆ 5 ಮತ್ತು 3.3 ಎರಡನ್ನೂ 12ರಿಂದಲೇ ಬೇರೆ ಬೇರೆ ಸರ್ಕ್ಯೂಟ್‌ನಲ್ಲಿ ಇಳಿಸುತ್ತಾರೆ. ಜೋಡೆತ್ತಿನ ಗೋಳು ಇಲ್ಲ.

ಬದಲಾಯಿಸೋದು ಒಂದು ಗಂಟೆ ಕೆಲಸ. ಎಚ್ಚರ ಬೇಕಾದದ್ದು ಒಂದೇ ಕಡೆ. ಪ್ರೊಸೆಸರ್‌ನ 8 ಪಿನ್ ಮತ್ತು ಕಾರ್ಡಿನ 8 ಪಿನ್ ನೋಡೋಕೆ ಅಣ್ಣತಮ್ಮಂದಿರ ಹಾಗೆ. ಒಳಗೆ 12 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲು. ಮೂಲೆಗಳ ಆಕಾರ ಬೇರೆ ಇರೋದರಿಂದ ಸುಲಭಕ್ಕೆ ಕೂರಲ್ಲ, ಕೂರದಿದ್ದರೆ ಒತ್ತಬೇಡಿ. ಇನ್ನು ಕಳಚುವ ವೈರ್‌ಗಳಿರುವ ಎಸ್‌ಎಂಪಿಎಸ್ ಆದರೆ ಅದರ ಡಬ್ಬಿಯಲ್ಲಿ ಬಂದ ವೈರ್‌ಗಳನ್ನೇ ಬಳಸಿ. ಬೇರೆ ಕಂಪನಿಯ ವೈರ್ ಅಚ್ಚುಕಟ್ಟಾಗಿ ಕೂತರೂ ಆ ತುದಿಯ ಪಿನ್ ಜೋಡಣೆ ಬೇರೆಯೇ ಇರಬಹುದು. ಅಲ್ಲಿ ತಪ್ಪಿದರೆ ಡಿಸ್ಕ್ ಸುಡುತ್ತದೆ.

ಮತ್ತೆ ಅದೇ ಓಸಿಸಿಟಿ, ಅದೇ ಮೊಲೆಕ್ಸ್, ಅದೇ ಮೀಟರ್. 12 ವೋಲ್ಟ್ ಸುಮ್ನಿದ್ದಾಗ 12.07, ಪೂರ್ತಿ ಲೋಡ್‌ನಲ್ಲಿ 12.01. 5 ವೋಲ್ಟ್ 5.03ರಿಂದ 5.01ಕ್ಕೆ ಬಂತು. ಇಳಿಯಿತು, ಇಳಿಯಬೇಕಾದ ಹಾಗೆ. ಗೋಡೆಯಿಂದ ಎಳೆದದ್ದು 331 ವ್ಯಾಟ್. ಕೆಲಸ ಅಷ್ಟೇ, ಪೋಲು 41 ವ್ಯಾಟ್ ಕಡಿಮೆ.

ಈ 41 ಯುಪಿಎಸ್‌ನ ಮಾನ ಉಳಿಸಿತು. 331 ಮತ್ತು ಮಾನಿಟರ್‌ನ 24, ಒಟ್ಟು 355. ಮಿತಿ 360. ಆಟದಲ್ಲಿ ಕಂಪ್ಯೂಟರ್ 262ರ ಹತ್ತಿರ ಇರುತ್ತದೆ, ಹಾಗಾಗಿ ದಿನನಿತ್ಯಕ್ಕೆ ತೊಂದರೆ ಇಲ್ಲ.

ಇನ್ನೊಂದು ಅನುಮಾನ ಉಳಿದಿತ್ತು. ಹೊಸ ಎಸ್‌ಎಂಪಿಎಸ್‌ನಲ್ಲಿ ಆ್ಯಕ್ಟಿವ್ ಪಿಎಫ್‌ಸಿ, ಅಂದರೆ ಗೋಡೆಯಿಂದ ಕರೆಂಟನ್ನು ನಯವಾದ ಅಲೆಯಲ್ಲಿ ಎಳೆಯುವ ಸರ್ಕ್ಯೂಟ್, ಇದೆ. ಚಿಕ್ಕ ಯುಪಿಎಸ್‌ಗಳು ಬ್ಯಾಟರಿಗೆ ಬಂದಾಗ ಮೆಟ್ಟಿಲು ಮೆಟ್ಟಿಲಿನ ಒರಟು ಅಲೆ ಕೊಡುತ್ತವೆ, ಇಂಥ ಕೆಲವು ಸಪ್ಲೈಗಳಿಗೆ ಆ ಅಲೆ ಒಗ್ಗದೆ ಆಫ್ ಆಗುವುದುಂಟು. ಕಂಪ್ಯೂಟರ್ ಸುಮ್ನಿರುವಾಗ ಗೋಡೆಯ ಸ್ವಿಚ್ ಆರಿಸಿದೆ. ಯುಪಿಎಸ್ ಕಟ್ ಅಂತ ಸದ್ದು ಮಾಡಿತು, ಪರದೆ ಅಲುಗಾಡಲಿಲ್ಲ. ಆಟ ಹಾಕಿ, ಆ ಹಾಳು ಹಂತಕ್ಕೆ ಬಂದು, ಮತ್ತೆ ಸ್ವಿಚ್ ಆರಿಸಿದೆ. ನಿಂತಿತು. ಮೂರು ಸಲ ಮಾಡಿ ನೋಡಿದೆ, ಮೂರು ಸಲವೂ ನಿಂತಿತು. ಅಂಕಿಗಳನ್ನೆಲ್ಲ ಒಂದು ಚೀಟಿಯಲ್ಲಿ ತಾರೀಕಿನ ಜೊತೆ ಬರೆದು ಕ್ಯಾಬಿನೆಟ್ ಬಾಗಿಲಿನ ಒಳಗೆ ಅಂಟಿಸಿ ಸ್ಕ್ರೂ ಬಿಗಿದೆ.